ಉಣ್ಣಲಾರದ ಮಕ್ಕಳು ಮತ್ತು ಮನೆಯವರ ಹೊಣೆ

ಅನ್ನವು ಸಕಲ ಜೀವಿಗಳಿಗೂ ಆಧಾರವೆಂಬುದು ಸರ್ವವಿದಿತವಾದ ಸಂಗತಿ. ಕುದೂರಿನ ಸುತ್ತಣ ಸೀಮೆಯಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವುಂಟು. ಸಿದ್ಧಗಂಗೆಯ ಕ್ಷೇತ್ರದಲ್ಲಿ ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತು ತ್ರಿವಿಧ ದಾಸೋಹವನ್ನು ಬಾಳಿನ ವ್ರತವಾಗಿ ನಡೆಸಿದ ಪರಮಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907–2019) ಜನಿಸಿದ್ದು ಇದೇ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ಮನೆಗೆ ಬಂದವರನ್ನು ಉಣ್ಣಿಸದೆ ಕಳುಹಿಸಬಾರದೆಂಬುದು ಇಲ್ಲಿಯ ಒಕ್ಕಲು ಮನೆಗಳ ನಡೆವಳಿಕೆ. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ 1876–78ರ ಧಾತು–ಈಶ್ವರ ಸಂವತ್ಸರಗಳ ಬರಗಾಲದ ಕಥೆಗಳನ್ನು ಹಿರಿಯರ ಬಾಯಿಂದ ಕೇಳಿ ಬೆಳೆದ ತಲೆಮಾರುಗಳು, ಹಗೇವಿನಲ್ಲಿ ರಾಗಿ ಇದ್ದರೆ ಮನೆಗೆ ಭಯವಿಲ್ಲವೆಂದು ನಂಬಿ ಬಾಳಿದವು.

ಇಂತಹ ಮನೆಯಲ್ಲಿ, ರಾಗಿಯೂ ಇದ್ದು, ಹಾಲು ಮೊಸರೂ ಇದ್ದು, ಬಡಿಸುವ ತಾಯಿಯೂ ಇದ್ದು, ಬೆಳೆಯುವ ಮಗುವೊಂದು ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತ ತಿಂಗಳುಗಟ್ಟಲೆ ಸೊರಗುತ್ತ ಹೋದರೆ ಆ ಮನೆಯವರಿಗೆ ಏನೂ ತೋಚದಂತಾಗುವುದು ಸಹಜ. ಇಲ್ಲದವರ ಹಸಿವನ್ನು ನಮ್ಮ ಜನ ಬಲ್ಲರು; ಇದ್ದೂ ಉಣ್ಣಲಾರದ ಹಸಿವನ್ನು ಅರಿಯರು. ವೈದ್ಯಶಾಸ್ತ್ರವು ಇದನ್ನು ಆಹಾರಸೇವನೆಗೆ ಸಂಬಂಧಿಸಿದ ಮನೋರೋಗಗಳ ಗುಂಪಿಗೆ ಸೇರಿಸಿದೆ. ರೋಗಿಯ ಚಿಕಿತ್ಸೆಯ ಬಗ್ಗೆ ವೈದ್ಯರು ಸಾಕಷ್ಟು ಬರೆದಿದ್ದಾರೆ. ರೋಗಿಯ ತಟ್ಟೆಯೆದುರು ದಿನಕ್ಕೆ ಐದಾರು ಬಾರಿ ಕುಳಿತುಕೊಳ್ಳಬೇಕಾದ ತಾಯಿ ತಂದೆ, ಅಜ್ಜಿ, ಒಡಹುಟ್ಟಿದವರು ಆ ಭಾರವನ್ನು ಹೇಗೆ ಹೊರಬೇಕೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ರೋಗದ ಸ್ವರೂಪ

ಈ ರೋಗಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ಅನೊರೆಕ್ಸಿಯಾ ನರ್ವೋಸಾ. ಇದರಲ್ಲಿ ರೋಗಿಯು ಆಹಾರವನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತ, ಮೈ ಎಲುಬಿನ ಹಂದರವಾದರೂ ತಾನು ದಪ್ಪಗಿರುವೆನೆಂದೇ ಭಾವಿಸುವುದುಂಟು. ಎರಡನೆಯದು ಬುಲಿಮಿಯಾ. ಇದರಲ್ಲಿ ರೋಗಿಯು ತಡೆಯಲಾರದೆ ಒಮ್ಮೆಗೇ ವಿಪರೀತ ತಿಂದು, ಬಳಿಕ ನಾಚಿಕೆ ಭಯಗಳಿಂದ ವಾಂತಿ ಮಾಡಿಕೊಳ್ಳುವುದೋ ಭೇದಿಯ ಮಾತ್ರೆ ನುಂಗುವುದೋ ನಡೆಯುತ್ತದೆ. ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ಹೆಸರಿಟ್ಟರು. ಮೂರನೆಯದು, ವಾಂತಿ ಮೊದಲಾದವುಗಳಿಲ್ಲದೆ, ಹಿಡಿತ ತಪ್ಪಿ ಅತಿಯಾಗಿ ತಿನ್ನುವ ರೋಗ. ಇವು ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಲ್ಲಿ ಕಾಣಿಸಿಕೊಂಡರೂ ಗಂಡುಮಕ್ಕಳಲ್ಲಿಯೂ ಉಂಟು. ಮನೋರೋಗಗಳಲ್ಲೆಲ್ಲ ಅತ್ಯಂತ ಹೆಚ್ಚು ಪ್ರಾಣಾಪಾಯವುಳ್ಳವುಗಳ ಸಾಲಿನಲ್ಲಿ ಅನೊರೆಕ್ಸಿಯಾಕ್ಕೆ ಸ್ಥಾನವಿದೆ ಎಂಬುದನ್ನು ನೆನೆದರೆ ಇದನ್ನು ಹರೆಯದ ಚೆಲ್ಲಾಟವೆಂದು ಕಡೆಗಣಿಸುವುದು ಎಷ್ಟು ಅಪಾಯಕರವೆಂಬುದು ಮನವರಿಕೆಯಾಗುತ್ತದೆ.

ಇದು ಪಟ್ಟಣದ ಸಿರಿವಂತರ ರೋಗವೆಂಬ ಭಾವನೆ ಬಹುಕಾಲ ಬೇರೂರಿತ್ತು. ಅದು ಸರಿಯಲ್ಲ. 1995ರಲ್ಲಿ ಭಾರತೀಯ ಮನೋವೈದ್ಯರು ಐವರು ಯುವತಿಯರ ವೃತ್ತಾಂತವನ್ನು ಪ್ರಕಟಿಸಿದರು. ಊಟದ ನಿರಾಕರಣೆ, ನಿಲ್ಲದ ವಾಂತಿ, ತೂಕದ ಇಳಿತ, ಮುಟ್ಟು ನಿಲ್ಲುವುದು ಇವೆಲ್ಲ ಅವರಲ್ಲಿದ್ದವು; ಆದರೆ ಪಾಶ್ಚಾತ್ಯ ಗ್ರಂಥಗಳು ಹೇಳುವಂತೆ ತಾವು ದಪ್ಪಗಿದ್ದೇವೆಂಬ ಭ್ರಮೆ ಅವರಲ್ಲಿ ಎದ್ದು ಕಾಣಲಿಲ್ಲ. ಬೆಂಗಳೂರಿನ ಮನೋವೈದ್ಯರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಇಂತಹ ಒಬ್ಬ ರೋಗಿಯನ್ನಾದರೂ ಕಂಡಿದ್ದುದಾಗಿ ತಿಳಿಸಿದರು. ಆದಕಾರಣ ನಮ್ಮ ಮನೆಗಳಲ್ಲಿ ಹುಡುಗಿಯು “ಹೊಟ್ಟೆ ಉಬ್ಬರ”, “ಸೇರುವುದಿಲ್ಲ”, “ಎದೆಯಲ್ಲಿ ನಿಲ್ಲುತ್ತದೆ” ಎಂದಷ್ಟೇ ಹೇಳುತ್ತಿದ್ದರೂ ಅದರ ಹಿಂದೆ ಈ ರೋಗವಿರಬಹುದೆಂಬುದನ್ನು ಮರೆಯಬಾರದು. ಹಾಗೆಯೇ ಕ್ಷಯ, ಥೈರಾಯ್ಡ್ ದೋಷ, ಸಕ್ಕರೆ ಕಾಯಿಲೆ, ಕರುಳಿನ ವ್ಯಾಧಿ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮೈ ಇಳಿಯುತ್ತದೆಯಾದ್ದರಿಂದ ಮೊದಲು ವೈದ್ಯರಲ್ಲಿ ಪರೀಕ್ಷೆ ಮಾಡಿಸುವುದೇ ಯುಕ್ತವಾದ ಕ್ರಮ.

ಹಟವಲ್ಲ, ವ್ರತವೂ ಅಲ್ಲ

ಮನೆಯವರು ಮೊದಲು ಮಾಡುವ ತಪ್ಪು ತಿಳಿವಳಿಕೆ ಇದನ್ನು ಹಟವೆಂದು ಎಣಿಸುವುದು. “ಎರಡು ಬಿಗಿದರೆ ತಾನಾಗಿಯೇ ಉಣ್ಣುತ್ತಾಳೆ” ಎಂದು ತಂದೆ ಹೇಳಬಹುದು. “ಯಾರದೋ ದೃಷ್ಟಿ ತಾಗಿದೆ” ಎಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಬಹುದು. “ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ” ಎಂದು ನೆಂಟರು ಸಲಹೆ ನೀಡಬಹುದು. ಇವೆಲ್ಲ ಪ್ರೀತಿಯಿಂದಲೇ ಹುಟ್ಟಿದ ಮಾತುಗಳಾದರೂ ಚಿಕಿತ್ಸೆಗೆ ದೊರೆಯಬೇಕಾದ ಅಮೂಲ್ಯ ಕಾಲವನ್ನು ಹಾಳುಮಾಡುತ್ತವೆ.

ಮತ್ತೊಂದು ಸಂದರ್ಭದಲ್ಲಿ ರೋಗವು ಉಪವಾಸದ ವೇಷದಲ್ಲಿ ಬರುತ್ತದೆ. ಸೋಮವಾರದ ಒಪ್ಪೊತ್ತು ಕ್ರಮೇಣ ಗುರುವಾರಕ್ಕೂ ಶನಿವಾರಕ್ಕೂ ಹಬ್ಬುತ್ತದೆ. ಮನೆಯವರು ಮಗಳ ಭಕ್ತಿಯನ್ನು ಮೆಚ್ಚಿಕೊಳ್ಳುತ್ತಾರೆ. ಶಿವರಾತ್ರಿಯ ಉಪವಾಸವನ್ನು ಕೈಗೊಂಡವನು ಮರುದಿನ ಸಂತೋಷದಿಂದ ಪ್ರಸಾದ ಸ್ವೀಕರಿಸುತ್ತಾನೆ. ರೋಗಕ್ಕಾದರೋ ಪಾರಣೆಯೇ ಇಲ್ಲ. ಉಪವಾಸ ಮುಗಿಯುವ ದಿನ ಹತ್ತಿರವಾದಂತೆ ಭಯ ಹೆಚ್ಚಿದರೆ ಅದನ್ನು ಎಚ್ಚರಿಕೆಯ ಗಂಟೆಯೆಂದು ತಿಳಿಯಬೇಕು. ದೇಹವನ್ನು ದಂಡಿಸುವುದೇ ಧರ್ಮವೆಂದು ಬಸವಾದಿ ಶರಣರು ಬೋಧಿಸಲಿಲ್ಲ. ದುಡಿಯುವ ಕಾಯಕ್ಕೆ ಅವರು ಕೊಟ್ಟ ಗೌರವವನ್ನೂ, ಪ್ರಸಾದಕ್ಕೆ ಅಷ್ಟಾವರಣಗಳಲ್ಲಿರುವ ಸ್ಥಾನವನ್ನೂ ಮಕ್ಕಳಿಗೆ ತಿಳಿಯ ಹೇಳುವುದು ಮಠದ ಶಾಲೆಗಳಿಗೆ ಸಹಜವಾದ ಕರ್ತವ್ಯವೇ ಆಗಿದೆ.

ಹಸಿವೇ ಮನಸ್ಸನ್ನು ಕೆಡಿಸುವ ಬಗೆಯನ್ನು ಪ್ರಸಿದ್ಧವಾದ ಪ್ರಯೋಗವೊಂದು ತೋರಿಸಿಕೊಟ್ಟಿದೆ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರನ್ನು, ಅವರ ಒಪ್ಪಿಗೆಯ ಮೇಲೆ, 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿದರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ದೃಢಮನಸ್ಕರಾಗಿದ್ದ ಆ ತರುಣರು ಸಿಡುಕರಾದರು, ಮಂಕಾದರು, ಗೆಳೆಯರಿಂದ ದೂರವಾದರು. ಹಗಲಿರುಳು ಊಟದ ಯೋಚನೆಯಲ್ಲೇ ಇದ್ದು, ಅಡುಗೆಯ ಪುಸ್ತಕಗಳನ್ನು ಓದುತ್ತ, ತಟ್ಟೆಯಲ್ಲಿದ್ದುದನ್ನು ಗಂಟೆಗಟ್ಟಲೆ ಕಲಸುತ್ತ ಕುಳಿತರು. ಹೊಟ್ಟೆ ತುಂಬ ಊಟ ಮತ್ತೆ ದೊರೆತ ಮೇಲೂ ಅನೇಕರಿಗೆ ಮನಸ್ಸು ಮೊದಲಿನಂತಾಗಲು ತಿಂಗಳುಗಳು ಬೇಕಾದವು. ಹೀಗಿರುವಾಗ ಸೊರಗಿದ ಮಗಳು ತಾಯಿಯ ಮೇಲೆ ರೇಗಿದರೆ, ಸುಳ್ಳು ಹೇಳಿದರೆ, ಮುದ್ದೆಯನ್ನು ಕರವಸ್ತ್ರದಲ್ಲಿ ಮುಚ್ಚಿಟ್ಟರೆ, ಆಕೆಯ ಸ್ವಭಾವವೇ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ. ಅದರಲ್ಲಿ ಬಹುಪಾಲು ಹಸಿವಿನ ಮತ್ತು ರೋಗದ ಕೆಲಸ. ಆಹಾರವು ಮಿದುಳಿಗೂ ಔಷಧವೆಂಬುದು ಈ ಪ್ರಯೋಗದ ಪಾಠ.

ತಪ್ಪು ಯಾರದು?

“ನಮ್ಮ ಸಾಕಣೆಯಲ್ಲಿ ಎಲ್ಲಿ ತಪ್ಪಾಯಿತು?” ಎಂಬ ಪ್ರಶ್ನೆ ಇಂತಹ ಪ್ರತಿಯೊಂದು ಮನೆಯನ್ನೂ ಕಾಡುತ್ತದೆ. ವೈದ್ಯಲೋಕವೂ ಬಹುಕಾಲ ತಾಯಿತಂದೆಯರತ್ತಲೇ ಬೆರಳು ತೋರಿಸಿತು. 1873ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನಲ್ಲಿ ಷಾರ್ಲ್ ಲಾಸೆಗ್ ಈ ರೋಗವನ್ನು ವಿವರಿಸಿದರು. ಇಂತಹ ರೋಗಿಗಳ ಶುಶ್ರೂಷೆಗೆ ಬಂಧುಗಳು ಸಾಮಾನ್ಯವಾಗಿ ತಕ್ಕವರಲ್ಲವೆಂಬುದು ಗಲ್ ಅವರ ಅಭಿಪ್ರಾಯವಾಗಿತ್ತು. ಮಗುವನ್ನು ಮನೆಯಿಂದ ಬೇರ್ಪಡಿಸುವುದೇ ಚಿಕಿತ್ಸೆಯೆಂಬ ನಂಬಿಕೆ ಆ ಬಳಿಕ ದಶಕಗಳ ಕಾಲ ನಡೆದುಬಂತು.

ಇದನ್ನು ಬದಲಿಸಿದ್ದು ಲಂಡನ್ನಿನ ಮಾಡ್ಸ್ಲೆ ಆಸ್ಪತ್ರೆಯ ವೈದ್ಯರ ತಂಡ. ಆಸ್ಪತ್ರೆಯಲ್ಲಿ ತೂಕ ಹೆಚ್ಚಿಸಿಕೊಂಡು ಮನೆಗೆ ಮರಳಿದ ರೋಗಿಗಳಿಗೆ ಮುಂದೇನು ಎಂಬುದನ್ನು ಅವರು ಪರೀಕ್ಷಿಸಿ 1987ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹದಿನೆಂಟು ವರ್ಷದೊಳಗೆ ರೋಗ ಆರಂಭವಾಗಿ, ಅದು ಮೂರು ವರ್ಷ ಮೀರದಿದ್ದವರಲ್ಲಿ, ರೋಗಿಯೊಬ್ಬಳಿಗೇ ನೀಡಿದ ಚಿಕಿತ್ಸೆಗಿಂತ ಕುಟುಂಬವನ್ನು ಕೂಡಿಸಿಕೊಂಡು ನೀಡಿದ ಚಿಕಿತ್ಸೆ ಹೆಚ್ಚು ಫಲಕಾರಿಯಾಗಿ ಕಂಡುಬಂದಿತು. ಅವಳಿ ಮಕ್ಕಳ ಅಧ್ಯಯನಗಳು ಈ ರೋಗದಲ್ಲಿ ವಂಶವಾಹಿಗಳ ಪಾತ್ರ ಗಣನೀಯವೆಂದು ತೋರಿಸಿದವು. ಕುಟುಂಬವೇ ಈ ರೋಗಕ್ಕೆ ಏಕೈಕ ಅಥವಾ ಪ್ರಧಾನ ಕಾರಣವೆಂಬ ವಾದವನ್ನು ಅಕಾಡೆಮಿ ಫಾರ್ ಈಟಿಂಗ್ ಡಿಸಾರ್ಡರ್ಸ್ ಎಂಬ ತಜ್ಞರ ಸಂಘ 2010ರಲ್ಲಿ ಪ್ರಕಟವಾದ ತನ್ನ ಹೇಳಿಕೆಯಲ್ಲಿ ಸ್ಪಷ್ಟವಾಗಿ ತಳ್ಳಿಹಾಕಿತು.

ಮನೆಯವರನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವ ಮಾರ್ಗ ನಮ್ಮ ದೇಶಕ್ಕೆ ಹೊಸತಲ್ಲ. 1950ರ ದಶಕದಲ್ಲಿಯೇ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಬಂಧುಗಳನ್ನು ಅವರೊಡನೆಯೇ ಇರಿಸಿದರು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿಯೂ ಕುಟುಂಬವನ್ನು ಚಿಕಿತ್ಸೆಯ ಅಂಗವಾಗಿ ಕಾಣುವ ಪದ್ಧತಿ ಬೆಳೆದುಬಂದಿದೆ. ಆದ್ದರಿಂದ ಮನೆಯವರು ತಲೆತಗ್ಗಿಸಬೇಕಾದ ಕಾರಣವಿಲ್ಲ. ರೋಗವನ್ನು ಅವರು ತಂದವರಲ್ಲ. ಅದನ್ನು ಕಳೆಯುವುದರಲ್ಲಿ ಮಾತ್ರ ಅವರ ಪಾತ್ರ ಬಹು ದೊಡ್ಡದು.

ತಟ್ಟೆಯ ಎದುರಿನ ಕೆಲಸ

ಕುಟುಂಬ ಚಿಕಿತ್ಸೆಯಲ್ಲಿ ಮೂರು ಹಂತಗಳಿವೆ. ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ಉಣ್ಣಬೇಕೆಂಬ ತೀರ್ಮಾನವನ್ನು ತಾಯಿತಂದೆಯರು ಪೂರ್ಣವಾಗಿ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ತೂಕ ಚೇತರಿಸಿಕೊಂಡಂತೆ ಎರಡನೆಯ ಹಂತದಲ್ಲಿ ಆ ಸ್ವಾತಂತ್ರ್ಯವನ್ನು ಸ್ವಲ್ಪಸ್ವಲ್ಪವಾಗಿ ಮಗುವಿಗೆ ಹಿಂದಿರುಗಿಸುತ್ತಾರೆ. ಮೂರನೆಯ ಹಂತದಲ್ಲಿ ಓದು, ಗೆಳೆತನ, ಮುಂದಿನ ಬದುಕು ಇವುಗಳತ್ತ ಗಮನ ಹರಿಯುತ್ತದೆ. ಇದಕ್ಕೆ ಆರು ತಿಂಗಳಿಂದ ವರ್ಷದವರೆಗೂ, ಕೆಲವೊಮ್ಮೆ ಅದಕ್ಕೂ ಹೆಚ್ಚಾಗಿಯೂ ಕಾಲ ಹಿಡಿಯಬಹುದು.

ಮೊದಲ ಹಂತವೇ ಎಲ್ಲಕ್ಕಿಂತ ಕಠಿಣವಾದುದು. ವೈದ್ಯರು ಗೊತ್ತುಮಾಡಿದಂತೆ ಮೂರು ಹೊತ್ತಿನ ಊಟ, ನಡುವೆ ಎರಡು ಮೂರು ಬಾರಿ ಹಾಲು, ಬಾಳೆಹಣ್ಣು, ಕಡಲೆಕಾಯಿಯಂತಹ ಉಪಾಹಾರ ತಪ್ಪದೆ ನಡೆಯಬೇಕು. ಇದಕ್ಕೆ ದುಬಾರಿ ಪದಾರ್ಥಗಳೇನೂ ಬೇಕಾಗಿಲ್ಲ. ಮುದ್ದೆ, ಅವರೆಕಾಳಿನ ಸಾರು, ಅನ್ನ, ತುಪ್ಪ, ಮೊಸರು, ಉಪ್ಪಿಟ್ಟು, ರೊಟ್ಟಿ ಇವುಗಳಲ್ಲೇ ಬೇಕಾದ ಶಕ್ತಿಯುಂಟು. ಬಡಿಸುವವರು ಅಳತೆಯನ್ನು ಮೊದಲೇ ನಿಶ್ಚಯಿಸಿಕೊಂಡು, ತಟ್ಟೆಯೆದುರು ಚೌಕಾಸಿಗೆ ಎಡೆಗೊಡದೆ, ತಾವೂ ಜೊತೆಯಲ್ಲಿ ಕುಳಿತು ಉಣ್ಣಬೇಕು. “ಇದು ಔಷಧ ಕಣಮ್ಮ. ನಿನಗೆ ಕಷ್ಟ ಅಂತ ಗೊತ್ತು. ನೀನು ಉಂಡು ಮುಗಿಸೋವರೆಗೂ ನಾನು ಇಲ್ಲೇ ಕೂತಿರ್ತೀನಿ” ಎಂಬಷ್ಟು ಮಾತು ಸಾಕು. ತೂಕ, ಬಣ್ಣ, ರೂಪಗಳ ಮಾತು ಆ ಹೊತ್ತಿನಲ್ಲಿ ಬೇಡ. ಊರಿನ ಸುದ್ದಿ, ಹೊಲದ ಬೆಳೆ, ತಮ್ಮನ ಆಟ ಇಂತಹ ಮಾತುಗಳು ಮನಸ್ಸನ್ನು ತುಸು ಹಗುರಗೊಳಿಸುತ್ತವೆ. ವಾಂತಿ ಮಾಡಿಕೊಳ್ಳುವ ಅಭ್ಯಾಸವಿದ್ದರೆ ಊಟದ ಬಳಿಕ ಸುಮಾರು ಒಂದು ಗಂಟೆಯವರೆಗೆ ಯಾರಾದರೊಬ್ಬರು ಜೊತೆಯಲ್ಲಿರುವುದು ಒಳಿತು.

ಈ ಸಮಯದಲ್ಲಿ ಅಳು, ಕೂಗಾಟ, ಬಿರುನುಡಿಗಳು ಬಂದೇ ಬರುತ್ತವೆ. ತಾಯಿಗೆ ಅತ್ಯಂತ ನೋವಾಗುವುದು ಇಲ್ಲಿಯೇ. ಉಣ್ಣಿಸುವುದೇ ಪ್ರೀತಿಯೆಂದು ತಿಳಿದ ನಾಡಿನಲ್ಲಿ ಮಗಳು ತುತ್ತನ್ನು ದೂಡಿದಾಗ ತನ್ನನ್ನೇ ದೂಡಿದಂತೆ ಆಕೆಗೆ ಅನಿಸುತ್ತದೆ. ಮಗಳು ನಿರಾಕರಿಸುತ್ತಿರುವುದು ತಾಯಿಯನ್ನಲ್ಲ. ರೋಗವು ತುಂಬಿದ ಭಯವೇ ಅವಳ ಬಾಯಿಂದ ಮಾತನಾಡುತ್ತಿದೆ. ರೋಗವನ್ನು ಮಗುವಿನಿಂದ ಬೇರೆಯಾಗಿ ಕಾಣುವ ಈ ದೃಷ್ಟಿ ದೊರೆತರೆ ಕೋಪವು ರೋಗದ ಕಡೆಗೂ ಕರುಣೆಯು ಮಗುವಿನ ಕಡೆಗೂ ಹರಿಯುತ್ತದೆ.

ಲಂಡನ್ನಿನ ಮನೋವೈದ್ಯೆ ಜಾನೆಟ್ ಟ್ರೆಷರ್ ಅವರು ಮನೆಯವರ ಬಗೆಬಗೆಯ ನಡೆವಳಿಕೆಗಳನ್ನು ಪ್ರಾಣಿಗಳ ಹೋಲಿಕೆಯಿಂದ ವಿವರಿಸಿದ್ದಾರೆ. ಮರಿಯನ್ನು ಚೀಲದಲ್ಲಿಟ್ಟುಕೊಳ್ಳುವ ಕಾಂಗರೂವಿನಂತೆ ಕೆಲವರು ಮಗುವಿನ ಎಲ್ಲ ಭಯಕ್ಕೂ ಮಣಿಯುತ್ತಾರೆ. ಘೇಂಡಾಮೃಗದಂತೆ ಕೆಲವರು ನುಗ್ಗಿ ಗದರಿಸುತ್ತಾರೆ. ಉಷ್ಟ್ರಪಕ್ಷಿಯಂತೆ ಕೆಲವರು ತಲೆಯನ್ನು ಮರಳಿನಲ್ಲಿ ಹುದುಗಿಸಿ, ಏನೂ ಆಗಿಲ್ಲವೆನ್ನುತ್ತಾರೆ. ಈಜುವವನ ಪಕ್ಕದಲ್ಲೇ ಸಾಗುತ್ತ ಒಮ್ಮೆ ದಾರಿ ತೋರುವ, ಒಮ್ಮೆ ಮೆಲ್ಲನೆ ಮುಂದೂಡುವ ಡಾಲ್ಫಿನ್ನಿನ ನಡೆ ಅವರಿಗೆ ಮೆಚ್ಚುಗೆಯಾದುದು. ತಾಯಿ ಮಣಿಯುತ್ತ, ತಂದೆ ಗದರಿಸುತ್ತ, ಇಬ್ಬರೂ ಪರಸ್ಪರ ದೂರುತ್ತಿದ್ದರೆ ಆ ಬಿರುಕಿನಲ್ಲಿ ಬೆಳೆಯುವುದು ರೋಗವೇ. ಭಿನ್ನಾಭಿಪ್ರಾಯವಿದ್ದರೆ ಮಗುವಿನ ಮರೆಯಲ್ಲಿ ಮಾತನಾಡಿಕೊಂಡು, ತಟ್ಟೆಯೆದುರು ಒಂದೇ ಮಾತನ್ನಾಡುವುದು ಅವಶ್ಯಕ.

ಭಾರದ ಹಂಚಿಕೆ

ನಮ್ಮ ಮನೆಗಳಲ್ಲಿ ಈ ಹೊರೆ ಬಹುಮಟ್ಟಿಗೆ ತಾಯಿಯೊಬ್ಬಳ ಹೆಗಲಿಗೆ ಬೀಳುತ್ತದೆ. ಬೆಳಗ್ಗೆ ಹಾಲು ಕರೆದು, ಹೊಲದ ಕೆಲಸವನ್ನೋ ಕಾರ್ಖಾನೆಯ ಪಾಳಿಯನ್ನೋ ಮುಗಿಸಿ, ಆರು ಬಾರಿ ತಟ್ಟೆಯ ಮುಂದೆ ತಾಳ್ಮೆಯಿಂದ ಕೂರುವುದು ಒಬ್ಬರಿಂದ ಆಗದ ಮಾತು. ಬೆಳಗಿನ ಉಪಾಹಾರಕ್ಕೆ ತಂದೆ, ಮಧ್ಯಾಹ್ನಕ್ಕೆ ಅಜ್ಜಿ, ಸಂಜೆಯ ಹಾಲಿಗೆ ಚಿಕ್ಕಮ್ಮ ಎಂಬಂತೆ ಸರದಿ ಗೊತ್ತುಮಾಡಿಕೊಂಡರೆ ಕೂಡುಕುಟುಂಬವು ದೊಡ್ಡ ಬಲವಾಗುತ್ತದೆ. ಸರದಿಗೆ ಕೂರುವವರೆಲ್ಲರೂ ಒಂದೇ ನಿಯಮವನ್ನು ಪಾಲಿಸಬೇಕು. “ಪಾಪ, ಇವತ್ತೊಂದಿನ ಬಿಡು” ಎಂಬ ಅಜ್ಜಿಯ ಮಮತೆ ವಾರದ ಶ್ರಮವನ್ನು ಕೆಡಿಸಬಲ್ಲದು. ಮದುವೆ ಜಾತ್ರೆಗಳಲ್ಲಿ “ಎಷ್ಟು ಬಡಕಲಾಗಿದ್ದೀಯೇ” ಎನ್ನುವುದಾಗಲಿ, ಚೇತರಿಸಿಕೊಂಡಾಗ “ಈಗ ಮೈ ತುಂಬಿಕೊಂಡಿದ್ದೀಯ” ಎನ್ನುವುದಾಗಲಿ ಬೇಡವೆಂದು ನೆಂಟರಿಗೆ ಮೊದಲೇ ತಿಳಿಸುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಒಡಹುಟ್ಟಿದವರನ್ನು ಎಲ್ಲರೂ ಮರೆಯುತ್ತಾರೆ. ಮನೆಯ ಗಮನವೆಲ್ಲ ಅಕ್ಕನ ತಟ್ಟೆಯ ಮೇಲಿರುವಾಗ ತಮ್ಮನು ತನ್ನ ಪರೀಕ್ಷೆಯ ಭಯವನ್ನು ಹೇಳಿಕೊಳ್ಳಲಾರದೆ ಒಳಗೇ ಕುದಿಯುತ್ತಾನೆ. ಅವನಿಗೆ ಉಣ್ಣಿಸುವ ಕಾವಲುಗಾರನ ಕೆಲಸ ಕೊಡದೆ, ಅಕ್ಕನ ಜೊತೆ ಆಡುವ, ನಗಿಸುವ ಕೆಲಸವನ್ನಷ್ಟೇ ಬಿಡುವುದು ಲೇಸು. ತಾಯಿಯೂ ವಾರದಲ್ಲಿ ಕೆಲವು ಗಂಟೆಗಳನ್ನು ತನ್ನದಾಗಿಸಿಕೊಳ್ಳಬೇಕು. ನಿದ್ದೆಗೆಟ್ಟು, ಬಳಲಿ, ತಾನೇ ಖಿನ್ನತೆಗೊಳಗಾದ ತಾಯಿಯಿಂದ ಮಗುವಿಗೆ ಧೈರ್ಯ ದೊರೆಯಲಾರದು. ಆರೈಕೆ ಮಾಡುವವರ ಆರೋಗ್ಯವೂ ಚಿಕಿತ್ಸೆಯ ಒಂದು ಭಾಗವೆಂಬುದನ್ನು ಮನೆಯ ಗಂಡಸರು ಅರಿಯಬೇಕು.

ಅಪಾಯದ ಗುರುತುಗಳು

ಮನೆಯ ಆರೈಕೆಗೆ ಮಿತಿಯುಂಟು. ತಲೆಸುತ್ತಿ ಬೀಳುವುದು, ನಾಡಿ ತೀರ ನಿಧಾನವಾಗುವುದು, ಕೈಕಾಲು ತಣ್ಣಗಾಗುವುದು, ಪಾದಗಳು ಊದಿಕೊಳ್ಳುವುದು, ಎದೆ ಹೊಡೆದುಕೊಳ್ಳುವುದು, ನೀರನ್ನೂ ನಿರಾಕರಿಸುವುದು, ಸಾಯುವ ಮಾತನಾಡುವುದು ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಪದೇ ಪದೇ ವಾಂತಿ ಮಾಡಿಕೊಳ್ಳುವವರಲ್ಲಿ ರಕ್ತದ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ಏರುಪೇರಾಗಬಹುದು. ಬಹುದಿನ ಉಣ್ಣದವರಿಗೆ ಒಮ್ಮೆಗೇ ಹೊಟ್ಟೆ ತುಂಬ ಉಣ್ಣಿಸುವುದೂ ಅಪಾಯವೇ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಶಿಬಿರಗಳಿಂದ ಬಿಡುಗಡೆ ಹೊಂದಿದ ಕೃಶರಾದ ಕೆಲವರು ಊಟ ದೊರೆತ ಬಳಿಕವೇ ತೀರಿಕೊಂಡುದನ್ನು ವೈದ್ಯರು ಕಂಡರು. ರಕ್ತದಲ್ಲಿಯ ರಂಜಕ ಮೊದಲಾದ ಲವಣಾಂಶಗಳು ಹಠಾತ್ತನೆ ಕುಸಿಯುವುದೇ ಇದಕ್ಕೆ ಕಾರಣ. ಆದ್ದರಿಂದ ತೀರ ಸೊರಗಿದವರ ಆಹಾರವನ್ನು ವೈದ್ಯರ ಕಣ್ಗಾವಲಿನಲ್ಲಿ ಹಂತಹಂತವಾಗಿ ಹೆಚ್ಚಿಸಬೇಕು.

ಕುದೂರಿನಂತಹ ಊರಿನವರಿಗೆ ಬೆಂಗಳೂರು ಬಸ್ಸಿನ ದಾರಿಯಲ್ಲಿರುವುದು ಒಂದು ಅನುಕೂಲ. ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದಲ್ಲಿ ನಿಮ್ಹಾನ್ಸ್‌ಗೆ ಹೋಗಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಕೇಂದ್ರ ಸರ್ಕಾರದ ಸೇವೆಯಲ್ಲಿ 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಉಚಿತ ಸಲಹೆ ಪಡೆಯಬಹುದು. ರೋಗಿ ಮಾತನಾಡಲೊಲ್ಲದಿದ್ದರೆ ಮನೆಯವರೇ ಮಾತನಾಡಬಹುದು. ಸರ್ಕಾರ ನಡೆಸುವ ಅಥವಾ ಸರ್ಕಾರದ ನೆರವು ಪಡೆದ ಸೇವೆಗಳಿಂದ ಮಾನಸಿಕ ಆರೋಗ್ಯದ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಸಾರಿದೆ.

ಶಾಲೆಯ ಪಾತ್ರ

ಮಕ್ಕಳು ಹಗಲಿನ ಹೆಚ್ಚಿನ ಭಾಗವನ್ನು ಕಳೆಯುವುದು ಶಾಲೆಯಲ್ಲಿ. ರಾಜ್ಯದಲ್ಲಿ 2002ರಲ್ಲಿ ಮೊದಲ್ಗೊಂಡ ಮಧ್ಯಾಹ್ನದ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹವೆಂಬ ಹೆಸರು ಬಂದಿರುವುದು ಅರ್ಥಪೂರ್ಣವಾಗಿದೆ. ಪಂಕ್ತಿಯಲ್ಲಿ ಓಡಾಡುವ ಉಪಾಧ್ಯಾಯರ ಕಣ್ಣಿಗೆ, ದಿನವೂ ಅನ್ನವನ್ನು ಪಕ್ಕದವಳ ತಟ್ಟೆಗೆ ಹಾಕುವ ಹುಡುಗಿ, ಊಟದ ಹೊತ್ತಿಗೆ ವಾಚನಾಲಯದಲ್ಲಿ ಅಡಗುವ ಹುಡುಗ, ಆಟದ ಬಯಲಿನಲ್ಲಿ ಬಳಲಿ ಕುಸಿಯುವ ಮಗು ಬೀಳದೆ ಇರಲಾರವು. ವಿದ್ಯಾರ್ಥಿನಿಲಯಗಳಲ್ಲಂತೂ ನಿಲಯಪಾಲಕರೇ ತಾಯಿತಂದೆಯರ ಸ್ಥಾನದಲ್ಲಿರುವವರು. ಇಂತಹ ಮಗುವನ್ನು ಎಲ್ಲರೆದುರು ಪ್ರಶ್ನಿಸದೆ, ಏಕಾಂತದಲ್ಲಿ ಮಾತನಾಡಿಸಿ, ಪೋಷಕರಿಗೆ ಗುಟ್ಟಾಗಿ ತಿಳಿಸುವುದು ಉಚಿತ. ತರಗತಿಯಲ್ಲಿ ಎಲ್ಲರ ತೂಕವನ್ನು ಗಟ್ಟಿಯಾಗಿ ಓದುವುದು, “ಡುಮ್ಮಿ” ಎಂದು ತಮಾಷೆ ಮಾಡುವುದು ಇವುಗಳಿಂದ ಉಪಾಧ್ಯಾಯರು ದೂರವಿರಬೇಕು. ಚಿಕಿತ್ಸೆಗಾಗಿ ರಜೆ ಬೇಕಾದಾಗ ಹಾಜರಾತಿಯ ವಿಷಯದಲ್ಲಿ ಔದಾರ್ಯ ತೋರಬೇಕು. ಬೆಂಗಳೂರಿಗೆ ಪದೇ ಪದೇ ಹೋಗಿಬರುವ ವೆಚ್ಚದಿಂದ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಕಾಗಿ ಬರುವ ಬಡ ಕುಟುಂಬಗಳಿಗೆ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಬಸ್ಸಿನ ಖರ್ಚಿನ ಮಟ್ಟಿಗಾದರೂ ನೆರವಾದರೆ ಅದೂ ದಾಸೋಹವೇ.

ಈ ರೋಗದಿಂದ ಗುಣಮುಖರಾಗುವವರು ಅನೇಕರು. ಬೇಗ ಗುರುತಿಸಿದಷ್ಟೂ ಫಲ ಹೆಚ್ಚು. ನಡುವೆ ರೋಗ ಮರುಕಳಿಸಿದರೂ ಅದನ್ನು ಸೋಲೆಂದು ತಿಳಿಯದೆ, ಹಿಂದಿನ ಕ್ರಮವನ್ನೇ ಮತ್ತೆ ಹಿಡಿಯಬೇಕು. ಹಸಿದು ಬಂದವನಿಗೆ ಅನ್ನವಿಡುವ ವಿದ್ಯೆಯನ್ನು ನಮ್ಮ ಜನ ತಲೆಮಾರುಗಳಿಂದ ಬಲ್ಲರು. ಹಸಿವಿದ್ದೂ ಉಣ್ಣಲು ಹೆದರುವ ಮಗುವಿನ ಪಕ್ಕದಲ್ಲಿ, ಬೈಯದೆ, ಬೇಡದೆ, ಬಿಟ್ಟೂ ಹೋಗದೆ ಕುಳಿತುಕೊಳ್ಳುವುದು ಅದಕ್ಕಿಂತ ಕಷ್ಟತರವಾದ ವಿದ್ಯೆ. ಅದನ್ನು ಕಲಿಯುವ ಮನೆಗಳಿಗೆ ಊರಿನವರೂ ಶಾಲೆಯೂ ಮಠವೂ ಬೆಂಬಲವಾಗಿ ನಿಲ್ಲಬೇಕಾದುದು ಅತ್ಯಗತ್ಯ.